ಕಾರಿನ ಬುಷ್ ಬದಲಾಯಿಸಿದ ವೃತ್ತಾಂತ

ನಮ್ಮ ಮೋಟಾರು ಗಾಡಿಯ ಮುಂಭಾಗದಿಂದ ಕಟಕ್ ಕಟಕ್ ಎಂಬ ಸದ್ದು ಬರುತ್ತಿರುವುದನ್ನು ಮೊದಲು ಕಂಡುಹಿಡಿದವರು ನಾವಲ್ಲ, 84 ವರ್ಷ ವಯಸ್ಸಿನ ನಮ್ಮ ತಾಯಿಯವರು. ಹಿಂದಿನ ಮಳೆಗಾಲದಲ್ಲಿ ಬಚ್ಚಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಅವರ ಬೆನ್ನುಮೂಳೆಯ ಒಂದು ಮಣಿಯು ಕುಸಿದಿತು. ಅಂದಿನಿಂದ ತಿಂಗಳಿಗೊಮ್ಮೆ ಅವರನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿದೆ. ದಾರಿಯು ಸುಮಾರು 60 ಕಿಲೋಮೀಟರು. ತಿರುವುಗಳಿಗೂ ಉಬ್ಬುಗಳಿಗೂ ಕೊರತೆಯಿಲ್ಲ. ಉಬ್ಬನ್ನು ಎಷ್ಟೇ ಮೆಲ್ಲಗೆ ದಾಟಿಸಿದರೂ ಮುಂದಿನ ಎಡಗಾಲಿಯ ಬಳಿ ಒಂದು ಪೆಟ್ಟು ಬೀಳುವುದು, ತಾಯಿಯವರು ಆಸನದ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ನಮ್ಮ ಕಿವಿಗೆ ಕೇಳುವುದಕ್ಕೆ ಮೊದಲೇ ಆ ಸದ್ದು ಅವರ ಬೆನ್ನಿಗೆ ಕೇಳಿಸುತ್ತಿತ್ತು.

"ಏನೋ ಅದು, ಬಂಡಿ ಕೀಲು ಸಡಿಲಾದ ಹಾಗೆ ಬಡಿಯುತ್ತೆ? ಒಂದಿಷ್ಟು ಕೀಲೆಣ್ಣೆ ಹಾಕಬಾರದೇನೋ?" ಎಂದು ಮಂಡಗದ್ದೆಯ ಸಮೀಪದಲ್ಲಿ ಅವರು ಕೇಳಿದರು.

ನಮ್ಮ ತಂದೆಯವರ ಕಾಲದಲ್ಲಿ ಮನೆಯಲ್ಲಿ ಎತ್ತಿನ ಬಂಡಿಯಿತ್ತು. ಪೇಟೆಗೆ ಹೊರಡುವ ಹಿಂದಿನ ದಿನ ಗಾಲಿಗಳನ್ನು ಕಳಚಿ ಅಚ್ಚಿಗೆ ಕೀಲೆಣ್ಣೆ ಬಳಿಯುವುದು, ಕಡೆಗೀಲನ್ನು ತಟ್ಟಿ ನೋಡುವುದು, ಇವು ತಪ್ಪದೆ ನಡೆಯುತ್ತಿದ್ದ ಕೆಲಸಗಳು. ಆ ಸಂಸ್ಕಾರದಿಂದಲೇ ತಾಯಿಯವರು ಹಾಗೆ ಹೇಳಿದರು. ಆ ಸಂಸ್ಕಾರದಿಂದಲೇ ನಾವೂ ಮನೆಗೆ ಬಂದೊಡನೆ ಎಂಜಿನ್ ಎಣ್ಣೆಯನ್ನು ತಂದು ಗಾಲಿಯ ಹಿಂದಣ ಸಂದುಗಳಿಗೆಲ್ಲ ಧಾರಾಳವಾಗಿ ಸುರಿದೆವು. ಎರಡು ದಿನ ಸದ್ದು ಅಡಗಿತು. ಮೂರನೆಯ ದಿನ ಮೊದಲಿಗಿಂತಲೂ ಜೋರಾಯಿತು. ನಾವು ಮಾಡಿದ್ದು ಚಿಕಿತ್ಸೆಯಲ್ಲ, ರೋಗಕ್ಕೆ ಉಣಿಸಿದ ಪಥ್ಯ ಎಂಬುದು ಆಮೇಲೆ ತಿಳಿಯಿತು. ಬಂಡಿಯ ಅಚ್ಚಿನಲ್ಲಿ ಕಬ್ಬಿಣವು ಕಬ್ಬಿಣದೊಡನೆ ಉಜ್ಜುತ್ತದೆ. ಅಲ್ಲಿ ಎಣ್ಣೆಯೇ ಪ್ರಾಣ. ಕಾರಿನ ಈ ಸಂದಿನಲ್ಲಿರುವುದು ರಬ್ಬರು. ಖನಿಜ ತೈಲವನ್ನು ಹೀರಿದ ರಬ್ಬರು ಉಬ್ಬಿ ಮೆತ್ತಗಾಗಿ ಸತ್ವಗೆಡುತ್ತದೆ. ವಾಚಕರಲ್ಲಿ ಯಾರಾದರೂ ಈ ತಪ್ಪನ್ನು ಮಾಡುವುದರಲ್ಲಿದ್ದರೆ ಎಣ್ಣೆಯ ಡಬ್ಬಿಯನ್ನು ಈಗಲೇ ಕೆಳಗಿಡಬೇಕಾಗಿ ಬೇಡುತ್ತೇವೆ.

ದೊಡ್ಡದೊಂದು ರಿಪೇರಿ ಶಾಲೆಗೆ ಗಾಡಿಯನ್ನು ಒಯ್ದೆವು. ಅಲ್ಲಿಯವರು ಅದನ್ನು ಮೇಲೆತ್ತಿ ಒಂದು ನಿಮಿಷ ನೋಡಿ, ಮುಂದಿನ ಎರಡು ಪಕ್ಕದ ಜೋಡಣೆಗಳನ್ನೂ ಇಡಿಯಾಗಿ ಹೊಸದು ಮಾಡಬೇಕೆಂದರು. ಒಡನೆಯೇ, ಇಷ್ಟು ಹಳೆಯ ಗಾಡಿಗೆ ಅಷ್ಟು ಹಣ ಸುರಿಯುವುದಕ್ಕಿಂತ ಮಾರಿಬಿಡುವುದು ಲೇಸೆಂದು ಉಪದೇಶವನ್ನೂ ಕೊಟ್ಟರು. ನಮ್ಮದು 2004ನೆಯ ಇಸವಿಯ ಮಾರುತಿ 800. ಈ ಜಾತಿಯ ಗಾಡಿಯು 1983ರ ಡಿಸೆಂಬರಿನಲ್ಲಿ ಮೊದಲು ಜನರ ಕೈಸೇರಿತು. 2014ರ ಜನವರಿಯಲ್ಲಿ ಇದರ ತಯಾರಿಕೆ ನಿಂತಿತು. ಹಳೆಯದೆಂಬುದನ್ನು ಒಪ್ಪುತ್ತೇವೆ. ಆದರೆ ಪಿಂಚಣಿಯಲ್ಲಿ ಬದುಕುವವನಿಗೆ ಹೊಸ ಗಾಡಿಯೆಂಬುದು ಸುಲಭದ ಮಾತಲ್ಲ. ಬಾಡಿಗೆಯ ಕಾರಿನ ಎತ್ತರದ ಆಸನಕ್ಕೆ ಹತ್ತಿ ಕೂರುವುದು ತಾಯಿಯವರಿಂದ ಆಗದು. ಉಪದೇಶಕ್ಕೆ ವಂದಿಸಿ ಹಿಂದಿರುಗಿದೆವು.

ಊರಿನಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಚಿಕ್ಕ ಗ್ಯಾರೇಜು ಇಟ್ಟುಕೊಂಡಿದ್ದಾನೆ. ವಿಭಕ್ತಿ ಪ್ರತ್ಯಯಗಳು ಬಾರದೆಂದು ಅವನನ್ನು ನಾವು ಅನೇಕ ಸಲ ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಅವನು ಗಾಡಿಯ ಕೆಳಗೆ ಹೊಕ್ಕು, ಉದ್ದನೆಯ ಹಾರೆಕೋಲಿನಿಂದ ಒಂದೆಡೆ ಮೀಟಿ, "ನೋಡಿ ಮೇಷ್ಟ್ರೇ, ಬುಷ್ ಹೋಗಿದೆ. ಆರ್ಮ್ ಚೆನ್ನಾಗಿದೆ, ಬಾಲ್ ಜಾಯಿಂಟೂ ಚೆನ್ನಾಗಿದೆ. ರಬ್ಬರ್ ಮಾತ್ರ ಬದಲಾಯಿಸಿದರೆ ಸಾಕು" ಎಂದನು. ಅವನ ಕೈಯಲ್ಲಿ ಆಗ ತುಂಬ ಕೆಲಸವಿದ್ದಿತು. ಹದಿನೈದು ದಿನ ಕಾಯಬೇಕೆಂದನು. ನಾವೇ ಮಾಡಬಹುದೇ ಎಂದು ಕೇಳಿದುದಕ್ಕೆ ಸ್ವಲ್ಪ ಹೊತ್ತು ನಮ್ಮ ಮುಖವನ್ನು ನೋಡಿ, "ಮಾಡಬಹುದು. ಆದರೆ ಅವಸರ ಮಾಡಬೇಡಿ" ಎಂದನು.

ಬುಷ್ ಎಂದರೇನೆಂಬುದನ್ನು ಇಲ್ಲಿ ಹೇಳಬೇಕು. ಅದೊಂದು ದಪ್ಪ ರಬ್ಬರಿನ ಗಾಲಿ. ನಡುವೆ ಉಕ್ಕಿನ ಕೊಳವೆ. ಕೊಳವೆಯ ಮೂಲಕ ಬೋಲ್ಟು ಹಾಯುತ್ತದೆ. ಒಂದು ಕಬ್ಬಿಣವು ಗಾಡಿಯ ಒಡಲಿಗೆ ಸೇರಿದ್ದು, ಇನ್ನೊಂದು ಗಾಲಿಗೆ ಸೇರಿದ್ದು. ನಡುವೆ ಈ ರಬ್ಬರು ಕುಳಿತು, ಅತ್ತಣ ಪೆಟ್ಟು ಇತ್ತ ಬಾರದಂತೆ ತಡೆದುಕೊಳ್ಳುತ್ತದೆ. ವ್ಯಾಕರಣದಲ್ಲಿ ಎರಡು ಸ್ವರಗಳು ಎದುರಾದರೆ ಲೋಪವೋ ಆಗಮವೋ ಆಗುವುದಷ್ಟೆ. ಇಲ್ಲಿ ಎರಡು ಕಬ್ಬಿಣಗಳ ನಡುವೆ ರಬ್ಬರಿನ ಆಗಮವಾಗದಿದ್ದರೆ ಎರಡಕ್ಕೂ ಲೋಪವು ನಿಶ್ಚಯ. ಹಸಿಯ ರಬ್ಬರಿಗೆ ಈ ತಾಳ್ಮೆಯಿಲ್ಲ. ಬಿಸಿಲಿಗೆ ಅಂಟಾಗಿ ಚಳಿಗೆ ಒರಟಾಗುತ್ತದೆ. ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಗಟ್ಟಿಮುಟ್ಟಾಗುವುದೆಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಹಾಗೆ ಹದಗೊಂಡ ರಬ್ಬರಿಗೂ ಆಯುಸ್ಸು ಇದೆ. ಶಾಖವೂ, ಗಾಳಿಯಲ್ಲಿರುವ ಓಝೋನೂ, ನಮ್ಮಂಥವರ ಎಣ್ಣೆಯೂ ಸೇರಿ ಅದನ್ನು ಬಿರಿಯಿಸುತ್ತವೆ.

ಮಾರುತಿ 800ರ ಮುಂದಿನ ಪ್ರತಿಯೊಂದು ಗಾಲಿಯನ್ನೂ ಮೇಲುಗಡೆ ಒಂದು ನೆಟ್ಟನೆಯ ಕಂಬವು ಹಿಡಿದಿರುತ್ತದೆ. ಸ್ಪ್ರಿಂಗೂ ಷಾಕ್ ಅಬ್ಸಾರ್ಬರೂ ಅದರಲ್ಲಿಯೇ ಅಡಕವಾಗಿವೆ. ಇದನ್ನು ರೂಪಿಸಿದ ಅಮೆರಿಕದ ಎಂಜಿನಿಯರನ ಹೆಸರಿನಿಂದ ಮ್ಯಾಕ್‌ಫರ್ಸನ್ ಕಂಬವೆನ್ನುತ್ತಾರೆ. ಕೆಳಗಡೆ ಗಾಲಿಯನ್ನು ಅಡ್ಡಲಾಗಿ ಹಿಡಿಯುವುದು ಲೋಯರ್ ಆರ್ಮ್ ಎಂಬ ತೋಳು. ಅದರ ಒಳತುದಿಯಲ್ಲಿ ಒಂದು ಬುಷ್. ಆದರೆ ಒಂದೇ ತೋಳು ಗಾಲಿಯನ್ನು ಹಿಂದುಮುಂದಾಗಿ ಓಲಾಡದಂತೆ ತಡೆಯಲಾರದು. ಆ ಕೆಲಸಕ್ಕೆ, ಎಡದಿಂದ ಬಲಕ್ಕೆ ಬಿಲ್ಲಿನಂತೆ ಬಾಗಿರುವ ಸ್ಟೆಬಿಲೈಜರ್ ಎಂಬ ಸರಳೊಂದಿದೆ. ತಿರುವಿನಲ್ಲಿ ಗಾಡಿಯು ವಾಲದಂತೆ ನೋಡಿಕೊಳ್ಳುವುದೂ ಅದೇ, ಬ್ರೇಕು ಹಾಕಿದಾಗ ಗಾಲಿಯು ಹಿಂದಕ್ಕೆ ಸರಿಯದಂತೆ ಹಿಡಿಯುವುದೂ ಅದೇ. ಸರಳಿನ ಎರಡು ತುದಿಗಳೂ ಎರಡು ತೋಳುಗಳ ರಂಧ್ರಗಳಲ್ಲಿ ರಬ್ಬರಿನ ನಡುವೆ ಹಾಯ್ದು, ಕೋಟೆಯ ತೆನೆಗಳಂತೆ ಕಚ್ಚುಗಳುಳ್ಳ ನಟ್ಟಿನಿಂದ ಬಿಗಿಗೊಂಡಿರುತ್ತವೆ. ನಟ್ಟು ಬಿಚ್ಚಿಕೊಳ್ಳದಂತೆ ಅದರ ಕಚ್ಚಿನಲ್ಲಿ ಒಂದು ಸ್ಪ್ಲಿಟ್ ಪಿನ್ನು. ಬೆರಳುದ್ದವೂ ಇಲ್ಲದ ಆ ತಂತಿಯ ತುಂಡೇ ನಮ್ಮ ತಂದೆಯವರ ಬಂಡಿಯ ಕಡೆಗೀಲು. ಅದು ಬಿದ್ದು ನಟ್ಟು ಕಳಚಿದರೆ, ಬ್ರೇಕು ಹಾಕಿದ ಗಳಿಗೆಯಲ್ಲಿ ಗಾಲಿಯನ್ನು ನೇರವಾಗಿ ನಿಲ್ಲಿಸುವ ಆಧಾರವೇ ಇಲ್ಲದಂತಾಗುತ್ತದೆ. ಆದುದರಿಂದ ಈ ಕೆಲಸದಲ್ಲಿ ಹಣವನ್ನು ಉಳಿಸಬಹುದು, ಪಿನ್ನನ್ನು ಉಳಿಸಕೂಡದು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಜಾಣತನ ಬೇಡ.

ಬುಷ್ ಸವೆದ ಲಕ್ಷಣಗಳು ಸದ್ದೊಂದೇ ಅಲ್ಲ. ಬ್ರೇಕು ಹಾಕಿದಾಗ ಗಾಡಿಯು ಒಂದು ಪಕ್ಕಕ್ಕೆ ಎಳೆಯುವುದುಂಟು. ಟೈರಿನ ಒಂದು ಅಂಚು ಮಾತ್ರ ಬೋಳಾಗುವುದುಂಟು. ನೇರವಾದ ರಸ್ತೆಯಲ್ಲಿಯೂ ಸ್ಟೀರಿಂಗು ಅಲೆದಾಡುವುದುಂಟು. ಇವೇ ಲಕ್ಷಣಗಳು ಬೇರೆ ಕೀಲುಗಳ ಸವೆತದಿಂದಲೂ ಬರುವುದರಿಂದ, ಗಾಲಿಯನ್ನೆತ್ತಿ ಮೇಲೆ ಕೆಳಗೆ ಹಿಡಿದು ಒಮ್ಮೆ, ಎಡ ಬಲ ಹಿಡಿದು ಒಮ್ಮೆ ಅಲುಗಾಡಿಸಿ ನೋಡಬೇಕು. ಅಲ್ಲಿ ಸಡಿಲು ಕಂಡರೆ ದೋಷವು ಬೇರಿಂಗಿನಲ್ಲಿಯೋ ಬಾಲ್ ಜಾಯಿಂಟಿನಲ್ಲಿಯೋ ಸ್ಟೀರಿಂಗಿನ ಕೀಲಿನಲ್ಲಿಯೋ ಇರಬಹುದು. ಹಾರೆಕೋಲಿನಿಂದ ತೋಳನ್ನು ಮೀಟಿದಾಗ ರಬ್ಬರಿನಿಂದ ಬಿಟ್ಟುಕೊಂಡು ಕೊಳವೆಯು ಕುಣಿದರೆ ಮಾತ್ರ ದೋಷವು ಬುಷ್ಷಿನದು.

ಬುಷ್ಷುಗಳೂ ಪಿನ್ನುಗಳೂ ಸೇರಿ 600 ರೂಪಾಯಿಯೊಳಗೆ ದೊರೆತವು. ಆದರೆ ನಮ್ಮ ಮನೆಯವರು ಒಂದು ಷರತ್ತು ಹಾಕಿದರು. "ಬರೀ ಜಾಕಿಯ ಮೇಲೆ ನಿಲ್ಲಿಸಿ ನೀವು ಕೆಳಗೆ ಹೋಗುವುದಾದರೆ ಈ ಕೆಲಸವೇ ಬೇಡ" ಎಂದರು. ಅವರ ಮಾತಿಗಾಗಿ ಎರಡು ಉಕ್ಕಿನ ಸ್ಟ್ಯಾಂಡುಗಳನ್ನು ಕೊಂಡೆವು. ಬುಷ್ಷಿಗಿಂತ ಅವುಗಳ ಬೆಲೆಯೇ ಹೆಚ್ಚಾಯಿತೆಂದು ಆಗ ಮನಸ್ಸಿನಲ್ಲಿಯೇ ಗೊಣಗಿಕೊಂಡುದನ್ನು ಮರೆಮಾಚುವುದಿಲ್ಲ.

ಹಿಂದಿನ ರಾತ್ರಿ ತುಕ್ಕು ಬಿಡಿಸುವ ದ್ರವವನ್ನು ಬೋಲ್ಟುಗಳ ಮೇಲೆ ಮಾತ್ರ, ರಬ್ಬರಿಗೆ ತಾಗದಂತೆ, ಸಿಂಪಡಿಸಿದ್ದೆವು. ಭಾನುವಾರ ಬೆಳಗ್ಗೆ ಕೈಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಟ್ಟು, ಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿಕೊಂಡು, ಎರಡು ಮುಂಗಾಲಿಗಳನ್ನೂ ಎತ್ತಿ ಒಡಲನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. ಒಂದೇ ಪಕ್ಕವನ್ನು ಎತ್ತಿದರೆ ಸ್ಟೆಬಿಲೈಜರ್ ಸರಳು ತಿರುಚಿಕೊಂಡಿದ್ದು, ಮತ್ತೆ ಜೋಡಿಸುವಾಗ ಬಹಳ ಪೀಡಿಸುತ್ತದೆ. ಬಿಚ್ಚುವುದಕ್ಕೆ ಮೊದಲು ಮೊಮ್ಮಗಳು ತನ್ನ ಫೋನಿನಲ್ಲಿ ಎಲ್ಲ ಕಡೆಯಿಂದಲೂ ಚಿತ್ರ ತೆಗೆದಳು. ಯಾವ ವಾಷರಿನ ಮುಖವು ಯಾವ ಕಡೆಗಿತ್ತೆಂಬ ವಾದವು ಸಂಜೆ ಎದ್ದಾಗ ಆ ಚಿತ್ರಗಳೇ ಪ್ರಮಾಣವಾದವು.

ಪಿನ್ನು ತುಕ್ಕಿನಲ್ಲಿ ಬೆಸೆದುಹೋಗಿತ್ತು. ಅದನ್ನು ಮುರಿದು ತೆಗೆಯಲು ಅರ್ಧ ಗಂಟೆ ಹಿಡಿಯಿತು. ಕಚ್ಚಿನ ನಟ್ಟನ್ನು ಬಿಚ್ಚಿದೆವು. ಒಳತುದಿಯ ಬೋಲ್ಟನ್ನು ಬಿಚ್ಚಿದೆವು. ಹೊರತುದಿಯ ಬಾಲ್ ಜಾಯಿಂಟನ್ನು ಹಿಡಿದಿದ್ದ ಅಡ್ಡಬೋಲ್ಟನ್ನು ತೆಗೆದು ತೋಳನ್ನು ಕೆಳಕ್ಕೆ ಜಗ್ಗಿದೆವು. ಅದು ಬರಲಿಲ್ಲ. ಹಾರೆಕೋಲಿನ ಮೇಲೆ ಭಾರ ಬಿಟ್ಟು ಮತ್ತೊಮ್ಮೆ ಜಗ್ಗಿದಾಗ ತೋಳೇನೋ ಕಳಚಿತು, ಆದರೆ ಗಾಡಿಯೂ ಅಲುಗಿತು. ನಮ್ಮ ಅಂಗಳವು ಮಣ್ಣಿನದು. ಜಾಕಿಯನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದೆವು. ಅದರ ಪಾದವು ಹಿಂದಿನ ವಾರದ ಮಳೆಗೆ ಮೆತ್ತಗಾಗಿದ್ದ ನೆಲದಲ್ಲಿ ಹೂತು, ಜಾಕಿಯು ವಾಲಿ ಧೊಪ್ಪನೆ ನಮ್ಮ ಮೊಣಕೈಯ ಪಕ್ಕದಲ್ಲಿ ಬಿದ್ದಿತು. ಗಾಡಿಯು ಬೀಳಲಿಲ್ಲ. ಸ್ಟ್ಯಾಂಡುಗಳ ಅಡಿಯಲ್ಲಿ ಅಡಕೆಯ ದಬ್ಬೆಗಳನ್ನಲ್ಲ, ಅಗಲವಾದ ಹಲಸಿನ ಹಲಗೆಗಳನ್ನು ಹಾಕಿಸಿದ್ದವರು ಮನೆಯವರು. ನಾವು ಮೆಲ್ಲನೆ ಹೊರಕ್ಕೆ ತೆವಳಿ ಬಂದು ಜಗಲಿಯ ಮೇಲೆ ಕುಳಿತೆವು. ಅವರು ಒಂದು ಮಾತನ್ನೂ ಆಡದೆ ಕಾಫಿಯನ್ನು ತಂದಿಟ್ಟು ಒಳಕ್ಕೆ ಹೋದರು. ಲೋಟವನ್ನು ಎತ್ತಿಕೊಳ್ಳುವಷ್ಟು ಕೈನಡುಕ ನಿಲ್ಲಲು ಕೆಲವು ನಿಮಿಷಗಳು ಬೇಕಾದವು. ಸ್ಟ್ಯಾಂಡಿನ ಬೆಲೆಯನ್ನು ಕುರಿತು ನಾವು ಆಮೇಲೆ ಎಂದೂ ಯೋಚಿಸಿಲ್ಲ.

ಹಳೆಯ ಬುಷ್ಷನ್ನು ತೋಳಿನಿಂದ ಹೊರಡಿಸುವುದಕ್ಕೆ ಗ್ಯಾರೇಜಿನಲ್ಲಿ ಒತ್ತುಯಂತ್ರವಿರುತ್ತದೆ. ಮನೆಯಲ್ಲಿ ಬಡಗಿಯ ದೊಡ್ಡ ವೈಸ್ ಒಂದಿದ್ದರೆ ಸಾಕು. ರಬ್ಬರಿನ ಹೊರಚಾಚಿದ ಅಂಚನ್ನು ಚೂರಿಯಿಂದ ಸವರಿ, ಒಂದು ಪಕ್ಕದಲ್ಲಿ ಬುಷ್ಷಿಗಿಂತ ಕಿರಿದಾದ ಸಾಕೆಟ್ಟನ್ನೂ ಇನ್ನೊಂದು ಪಕ್ಕದಲ್ಲಿ ಅದು ಒಳಸೇರುವಷ್ಟು ಹಿರಿದಾದ ಕೊಳವೆಯ ತುಂಡನ್ನೂ ಇಟ್ಟು ವೈಸನ್ನು ತಿರುಗಿಸುತ್ತ ಹೋದರೆ, ಕಿರಿದು ತಳ್ಳಿ ಹಿರಿದು ನುಂಗುತ್ತದೆ. ಹೊರಬಂದ ರಬ್ಬರು ಒಂದು ಪಕ್ಕದಲ್ಲಿ ಪೂರ್ತಿ ಹರಿದು, ಒಣಗಿದ ಕೆಸರಿನಂತೆ ಬಿರಿದಿತ್ತು. ನಾವು ಸುರಿದ ಎಣ್ಣೆಯಿಂದ ಮತ್ತೊಂದು ಪಕ್ಕವು ಬಾಡಿದ ಬದನೆಕಾಯಿಯಂತೆ ಮೆತ್ತಗಾಗಿತ್ತು. ತೋಳಿನ ಕಣ್ಣನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಹೊಸ ಬುಷ್ಷಿಗೆ ಸಾಬೂನಿನ ನೀರನ್ನು ಸವರಿ ಒತ್ತಿದೆವು. ಗ್ರೀಸು ಕೂಡದು, ಸಾಬೂನಿನ ನೀರು ಜಾರಿಸಿ ಆಮೇಲೆ ಒಣಗಿಹೋಗುತ್ತದೆ. ಎರಡು ಪಕ್ಕದಲ್ಲಿಯೂ ಸಮನಾಗಿ ಚಾಚಿಕೊಳ್ಳುವಂತೆ ಅದನ್ನು ಕೂರಿಸಬೇಕು. ಸರಳಿನ ರಬ್ಬರುಗಳನ್ನು ಬದಲಾಯಿಸುವುದರಲ್ಲಿ ವಿಶೇಷವೇನೂ ಇಲ್ಲ.

ಕತ್ತಲಾಗುವ ಹೊತ್ತಿಗೆ ಎರಡು ಪಕ್ಕವನ್ನೂ ಜೋಡಿಸಿ, ಬೋಲ್ಟುಗಳನ್ನೆಲ್ಲ ಬಲವಾಗಿ ಬಿಗಿದು, ಗಾಲಿ ಹಾಕಿ, ಗಾಡಿಯನ್ನು ಇಳಿಸಿದೆವು. ಬೀದಿಯ ಉಬ್ಬಿನ ಮೇಲೆ ನಾಲ್ಕು ಸಲ ಓಡಿಸಿದರೂ ಸದ್ದಿಲ್ಲ. ಆ ರಾತ್ರಿ ನಮಗೆ ಬಂದ ಹೆಮ್ಮೆಯು ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾದಂದೂ ಬಂದಿರಲಿಲ್ಲ.

ಮೂರು ತಿಂಗಳು ಕಳೆಯಿತು. ನಾಲ್ಕನೆಯ ಪ್ರಯಾಣದಲ್ಲಿ, ಸಕ್ರೆಬೈಲನ್ನು ದಾಟಿದ ಮೇಲೆ, ಅದೇ ಎಡಗಡೆಯಲ್ಲಿ, ಕಟಕ್. ಕನ್ನಡಿಯಲ್ಲಿ ನೋಡಿದೆವು. ತಾಯಿಯವರು ಏನೂ ಹೇಳಲಿಲ್ಲ. ಆಸನದ ಅಂಚನ್ನು ಹಿಡಿದುಕೊಂಡರು.

ಶಿಷ್ಯನು ಕೆಳಗೆ ಹೊಕ್ಕು ನೋಡಿ ಹೊರಬಂದು ಕೈಯೊರಸಿಕೊಳ್ಳುತ್ತ, "ಮೇಷ್ಟ್ರೇ, ಬೋಲ್ಟ್ ಟೈಟ್ ಮಾಡಿದಾಗ ಗಾಲಿ ಎಲ್ಲಿತ್ತು?" ಎಂದು ಕೇಳಿದನು.

"ಗಾಳಿಯಲ್ಲಿ" ಎಂದೆವು.

"ಅದೇ ತಪ್ಪಾಗಿದ್ದು."

ಅವನು ಬಿಡಿಸಿ ಹೇಳಿದುದನ್ನು ಇಲ್ಲಿ ಬರೆಯುತ್ತೇವೆ. ಈ ಲೇಖನವನ್ನು ಬರೆಯಲು ಕಾರಣವೂ ಇದೇ. ಈ ಬುಷ್ಷು ಬಂಡಿಯ ಗಾಲಿಯಂತೆ ಉರುಳುವ ವಸ್ತುವಲ್ಲ. ಬೋಲ್ಟನ್ನು ಬಿಗಿದ ಕ್ಷಣದಿಂದ ನಡುವಣ ಕೊಳವೆಯು ಗಾಡಿಯ ಒಡಲಿಗೆ ಅಂಟಿಕೊಂಡು ಅಲುಗದೆ ನಿಲ್ಲುತ್ತದೆ. ತೋಳು ಮೇಲೆ ಕೆಳಗೆ ಆಡುವಾಗ ರಬ್ಬರು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ, ಜಾರುವುದಿಲ್ಲ. ಗಾಲಿಯು ಗಾಳಿಯಲ್ಲಿ ಜೋತಾಡುತ್ತಿರುವಾಗ ತೋಳು ಕೆಳಮುಖವಾಗಿರುತ್ತದೆ. ಆಗಲೇ ಬಿಗಿದರೆ ಆ ಜೋತ ಸ್ಥಿತಿಯೇ ರಬ್ಬರಿನ ನೆಮ್ಮದಿಯ ಸ್ಥಿತಿಯಾಗುತ್ತದೆ. ಆಮೇಲೆ ಗಾಡಿಯನ್ನು ಇಳಿಸಿದೊಡನೆ ತೋಳು ಮೇಲಕ್ಕೇಳುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ ಹಿಡಿದಂತೆ ರಬ್ಬರು ಹಗಲೂ ರಾತ್ರಿಯೂ, ಗಾಡಿಯು ನಿಂತಿರುವಾಗಲೂ, ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ಉಬ್ಬು ಬಂದರೆ ಇನ್ನಷ್ಟು ತಿರುಚು. ಹರಿಯದೆ ಏನಾದೀತು?

ನಾವು ಆ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ದಿನಗಳು ನೆನಪಿಗೆ ಬಂದವು. ಅವನಿಗೂ ಬಂದಿರಬೇಕು, ಆದರೆ ಅವನು ನಗಲಿಲ್ಲ.

ಎರಡನೆಯ ಸಲ ಕೆಲಸವನ್ನು ಅರ್ಧ ದಿನದಲ್ಲಿ ಮುಗಿಸಿದೆವು. ಎಲ್ಲ ಬೋಲ್ಟುಗಳನ್ನೂ ಕೈಬಿಗುವಿನಷ್ಟು ಮಾತ್ರ ತಿರುಗಿಸಿ, ಗಾಲಿಗಳನ್ನು ಹಾಕಿ, ಮುಂಗಾಲಿಗಳ ಕೆಳಗೆ ಸಮನಾದ ಎತ್ತರದ ಅಗಲ ಹಲಗೆಗಳನ್ನು ಪೇರಿಸಿ ಗಾಡಿಯನ್ನು ಅವುಗಳ ಮೇಲೆ ಇಳಿಸಿದೆವು. ಸ್ಟ್ಯಾಂಡುಗಳನ್ನು ತೆಗೆದು ದೂರವಿಡದೆ ಒಡಲಿನ ಕೆಳಗೆ, ತಾಗಿಯೂ ತಾಗದಂತೆ, ಇರಗೊಟ್ಟೆವು. ಮುಂಭಾಗವನ್ನು ಕೈಯಿಂದ ನಾಲ್ಕೈದು ಸಲ ಒತ್ತಿ ಬಿಟ್ಟು, ಸ್ಪ್ರಿಂಗುಗಳು ತಮ್ಮ ಸಹಜ ಸ್ಥಿತಿಗೆ ಬಂದ ಮೇಲೆ, ಗಾಡಿಯ ಭಾರವೆಲ್ಲ ಗಾಲಿಗಳ ಮೇಲಿರುವಾಗಲೇ ಒಳತುದಿಯ ಬೋಲ್ಟನ್ನೂ ಸರಳಿನ ನಟ್ಟನ್ನೂ ಬಿಗಿದೆವು. ಎಷ್ಟು ಬಿಗಿಯಬೇಕೆಂಬುದು ಆಯಾ ಗಾಡಿಯ ಸರ್ವೀಸ್ ಪುಸ್ತಕದಲ್ಲಿದೆ. ಶಿಷ್ಯನು ತನ್ನ ಟಾರ್ಕ್ ವ್ರೆಂಚನ್ನು ಒಂದು ದಿನದ ಮಟ್ಟಿಗೆ ಕೊಟ್ಟಿದ್ದನು. ಪಿನ್ನಿನ ರಂಧ್ರವು ನಟ್ಟಿನ ಕಚ್ಚಿಗೆ ಎದುರಾಗದಿದ್ದರೆ ನಟ್ಟನ್ನು ಮುಂದಿನ ಕಚ್ಚಿನವರೆಗೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಕೂಡದು. ಹೊಸ ಪಿನ್ನುಗಳನ್ನು ಸೇರಿಸಿ ಅವುಗಳ ಕಾಲುಗಳನ್ನು ಮಡಿಸಿದೆವು. ಮರುದಿನ ಪೇಟೆಯಲ್ಲಿ ಗಾಲಿಗಳ ನೇರವನ್ನು ಯಂತ್ರದಿಂದ ನೋಡಿಸಿದೆವು. ತೋಳನ್ನು ಬಿಚ್ಚಿ ಜೋಡಿಸಿದ ಮೇಲೆ ಇದನ್ನು ಬಿಟ್ಟರೆ ಟೈರು ಬೇಗನೆ ಸವೆಯುತ್ತದೆ.

ಮುಂದಿನ ತಿಂಗಳು ಶಿವಮೊಗ್ಗೆಗೆ ಹೋದಾಗ ತಾಯಿಯವರು ಮಂಡಗದ್ದೆಯಲ್ಲಿ ಹಕ್ಕಿಗಳು ಬಂದಿವೆಯೇ ಎಂದು ಕೇಳಿದರು. ಗಾಜನೂರಿನ ಹತ್ತಿರ ನೋಡಿದರೆ, ತಲೆಯನ್ನು ಕಿಟಕಿಗೆ ಆನಿಸಿ ನಿದ್ರೆ ಹೋಗಿದ್ದರು. ಎರಡು ಕೈಗಳೂ ಮಡಿಲಿನಲ್ಲಿದ್ದವು. ಹಿಂದಿರುಗುವಾಗ ಮಾತ್ರ, ಹಿಂದುಗಡೆ ಏನೋ ಕಿರ್ ಎನ್ನುತ್ತಿದೆಯೆಂದರು. ನಮಗೆ ಇನ್ನೂ ಕೇಳಿಸಿಲ್ಲ. 500 ಕಿಲೋಮೀಟರು ಓಡಿದ ಮೇಲೆ ಕೆಳಗೆ ಹೊಕ್ಕು ಪಿನ್ನುಗಳನ್ನು ನೋಡಿದೆವು, ಎರಡೂ ಸ್ವಸ್ಥಾನದಲ್ಲಿವೆ. ಹಿಂದಿನ ಷಾಕ್ ಅಬ್ಸಾರ್ಬರಿನ ಬುಷ್ಷುಗಳನ್ನು ಮಳೆ ಹಿಡಿಯುವುದಕ್ಕೆ ಮೊದಲು ಬಿಚ್ಚಿ ನೋಡಬೇಕಾಗಿದೆ.